ಎದುರು ವಕೀಲರ ಫೀಸು

ಸೋಫಾ ರಿಪೇರಿ ಮಾಡುವ ಆತನನ್ನು ಬೀದಿಯವರೆಲ್ಲ ಕುಶನ್ ಅಣ್ಣ ಎನ್ನುತ್ತಿದ್ದರು. ಕೈ ಚುರುಕು, ಬಾಯಿಗೆ ಮಾತ್ರ ಬೀಗ. ದಿನವಿಡೀ ತುಟಿಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡು ಮಾಡುವ ಕೆಲಸ; ಮನೆಗೆ ಬಂದ ಮೇಲೂ ಅದನ್ನು ಉಗಿದಿಲ್ಲವೇನೋ ಎಂಬಂತೆ ಇರುತ್ತಿದ್ದ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದ ಹೆಂಡತಿ ವರ್ಷಗಟ್ಟಲೆ ಸಹಿಸಿದಳು. ಕೊನೆಗೊಂದು ದಿನ, "ಗೋಡೆ ಜೊತೆ ಸಂಸಾರ ಮಾಡೋಕಾಗಲ್ಲ ರೀ" ಎಂದು ತವರಿಗೆ ಹೊರಟುಹೋದಳು. ಆಮೇಲೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು.

ಮೊದಲ ವಾಯಿದೆಯ ದಿನ ಕೋರ್ಟಿನ ವರಾಂಡದಲ್ಲಿ ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ಇವನು. ಅವಳು ಕನ್ನಡಕ ಹಾಕಿದ್ದಳು. ಕಣ್ಣು ಯಾವಾಗ ಮಂಜಾಯಿತು? ಕೇಳಬೇಕೆನಿಸಿತು, ಕೇಳಲಿಲ್ಲ. ಒಂದೇ ಮನೆಯಲ್ಲಿದ್ದಾಗ ನೋಡದೆ ಬಿಟ್ಟ ಮುಖವನ್ನು ಅಂದು ಕಣ್ತುಂಬ ನೋಡಿದ. ಕೇಸು ಮುಗಿದರೆ ಇದೂ ಇಲ್ಲ ಎಂದು ಹೊಳೆದದ್ದೇ ತಡ, ಹೇಗಾದರೂ ಎಳೆಯಬೇಕೆಂದು ನಿಶ್ಚಯಿಸಿದ.

ವಕೀಲರನ್ನು ಬದಲಾಯಿಸಿದ. ಕಾಗದ ಕಳೆದಿದೆ ಎಂದ. ಅವಳು ಮದುವೆಯ ಒಡವೆ ಬಚ್ಚಿಟ್ಟಿದ್ದಾಳೆ ಎಂದೂ ಒಂದು ಅರ್ಜಿ ಗೀಚಿಸಿದ. ಕೇಸು ಹನುಮಂತನ ಬಾಲವಾಯಿತು. ಪ್ರತಿ ವಾಯಿದೆಗೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದ.

ಒಡವೆಯ ವಿಚಾರಕ್ಕೆ ಸಾಕ್ಷಿಯಾಗಿ ಬಂದ ಅವನ ಅಕ್ಕ ಎಲ್ಲವನ್ನೂ ಹಾಳು ಮಾಡಿದಳು. "ಒಡವೆನಾ? ಮೊನ್ನೆ ತಾನೇ ಇವನ ಕಪಾಟಲ್ಲೇ ನೋಡಿದ್ನಲ್ಲ!"

ನ್ಯಾಯಾಧೀಶೆ ಕನ್ನಡಕದ ಮೇಲಿಂದ ಇವನನ್ನು ನೋಡಿದರು. "ಸುಳ್ಳು ಅರ್ಜಿ ಯಾಕೆ ಹಾಕಿದ್ರಿ?"

"ಅರ್ಜಿ ಹಾಕಿದ್ರೆ ಇವಳು ಬರ್ತಾಳೆ ಅಂತ, ಅಮ್ಮ."

ಹಿಂದೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶೆ ನಗಲಿಲ್ಲ. "ಬಂದಾಗೆಲ್ಲ ಆಕೆ ಸಂಬಳ ಬಿಟ್ಟು, ವಕೀಲರಿಗೆ ಫೀಸು ಕೊಟ್ಟು ಬಂದಿದಾರೆ. ನಿಮ್ಮ ಆಸೆಗೆ ಅವರು ಯಾಕೆ ತೆರಬೇಕು?"

ಅದು ಅವನ ತಲೆಗೆ ಹೊಳೆದೇ ಇರಲಿಲ್ಲ. ವಿಚ್ಛೇದನ ಮಂಜೂರಾಯಿತು, ಸುಳ್ಳು ಹೇಳಿ ಕೇಸು ಎಳೆದದ್ದಕ್ಕೆ ಅವಳ ವಕೀಲರ ಫೀಸನ್ನೂ ಅವನೇ ಕಟ್ಟಬೇಕೆಂದು ಆದೇಶವಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಅವಳು ನಿಂತಳು. "ನೋಡ್ಬೇಕು ಅನ್ಸಿದ್ರೆ ಬೇಕರಿಗೆ ಬಂದು ಕರೀಬಹುದಿತ್ತಲ್ಲ?"

"ಕರೆದಿದ್ರೆ ಬರ್ತಿದ್ಯಾ?"

"ಇಲ್ಲ." ಚೀಲವನ್ನು ಹೆಗಲಿಗೇರಿಸಿಕೊಂಡಳು. "ಆದ್ರೆ ಕರೆದ್ರಲ್ಲ ಅನ್ನೋದಾದ್ರೂ ಇರ್ತಿತ್ತು."

ಅವಳು ಬಸ್ಸು ಹತ್ತುವವರೆಗೂ ಅವನು ಅಲ್ಲೇ ನಿಂತಿದ್ದ.

ಅಕ್ಕ ಮರುದಿನವೇ ಉಪಾಯ ಹೇಳಿಕೊಟ್ಟಳು. "ಕಂತಲ್ಲಿ ಕಟ್ಟೋ. ಆ ನೆಪದಲ್ಲಾದ್ರೂ ಆಗಾಗ ಅವಳ ಮುಖ ನೋಡ್ಬಹುದು."

"ಬೇಡ ಅಕ್ಕ. ಮತ್ತೆ ಅವಳನ್ನ ಕಾಯಿಸಿದ ಹಾಗಾಗತ್ತೆ."

ಒಂದು ಸಿನಿಮಾ ಮಂದಿರದ ಹಳೇ ಸೀಟುಗಳ ಕೆಲಸ ಒಪ್ಪಿಕೊಂಡು, ಬೆನ್ನು ಬಗ್ಗಿಸಿ ದುಡಿದು, ಫೀಸನ್ನು ಒಂದೇ ಸಲಕ್ಕೆ ಕಟ್ಟಿದ. ಆ ಒಡವೆಯನ್ನೂ ಅವಳ ವಕೀಲರ ಕೈಗೇ ಒಪ್ಪಿಸಿದ. "ಅವರಿಗೆ ಏನಾದ್ರೂ ಹೇಳ್ಬೇಕಾ?" ಎಂದು ವಕೀಲರು ಕೇಳಿದರು.

ಹೇಳಬೇಕಾದ್ದು ಬೆಟ್ಟದಷ್ಟಿತ್ತು. "ಕಣ್ಣು ಹೇಗಿದೆ ಅಂತ ಕೇಳಿ" ಎಂದ.