ತಂಗಿಯ ಪಕ್ಕದ ಜಾಗ

ಟ್ರಿಣ್, ಟ್ರಿಣ್. ಗೋಡೆಯ ಕಿಂಡಿಯಾಚೆಯಿಂದ ನರ್ಸಮ್ಮ ಎರಡು ಸಲ ಬೆಲ್ ಒತ್ತಿದರೆ ಆಪರೇಷನ್ ಕೋಣೆಯಲ್ಲಿ ಬಟ್ಟೆ ತೀರಿದೆ ಎಂದರ್ಥ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಆ ಸದ್ದಿಗೆ ಎಲ್ಲರಿಗಿಂತ ಮೊದಲು ಏಳುವವಳು ಇಸ್ತ್ರಿ ಅಕ್ಕ. ತುತ್ತು ಬಾಯಲ್ಲಿದ್ದರೂ ಸರಿಯೇ. ಬೆಲ್ಲಿಗೂ ಅವಳ ಮೊಣಕಾಲಿಗೂ ಒಳಗಿಂದೊಳಗೇ ತಂತಿ ಎಳೆದಿದ್ದಾರೆ ಎಂದು ಜೊತೆಯವರು ನಗುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದವಳು ತಂಗಿಯೊಬ್ಬಳೇ. ಅವಳಿದ್ದದ್ದು ಒಂದು ದಿನದ ದಾರಿಯಾಚೆಯ ಊರಿನಲ್ಲಿ, ಪುಟ್ಟ ಟೈಲರ್ ಅಂಗಡಿ ಇಟ್ಟುಕೊಂಡು. ಇಬ್ಬರೂ ಹೊಲಿಗೆ ಕಲಿತದ್ದು ಒಂದೇ ಮೆಷಿನ್ನಿನಲ್ಲಿ. ತಂಗಿಗೆ ಕಾಲು ನಿಲುಕುತ್ತಿರಲಿಲ್ಲ. ಅಕ್ಕ ತುಳಿಯುವುದು, ತಂಗಿ ಬಟ್ಟೆ ಹಿಡಿಯುವುದು. ಈಗಲೂ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತಾಗ ಅಕ್ಕನ ಪಾದ ಸುಮ್ಮನೆ ಮೇಲೆ ಕೆಳಗೆ ಆಡುತ್ತಿತ್ತು.

ಆಸ್ಪತ್ರೆಯವರು ಲಾಂಡ್ರಿಯನ್ನು ಕಂಪನಿಯೊಂದಕ್ಕೆ ವಹಿಸುತ್ತಾರೆಂಬ ಸುದ್ದಿ ಬಂದಾಗ ತಂಗಿಯ ಬಳಿ ಹೋಗುವ ಆಸೆ ಚಿಗುರಿತು. ಕಾರ್ಮಿಕ ಸಂಘದ ಕಾರ್ಯದರ್ಶಿ ಬಿಡಿಸಿ ಹೇಳಿದ್ದರು: ಹೊಸಬರು ಅದೇ ಕೆಲಸ, ಅದೇ ಸಂಬಳ ಕೊಟ್ಟು ಹಳೆಯ ವರ್ಷಗಳನ್ನೂ ಒಪ್ಪಿಕೊಂಡರೆ ಯಾರಿಗೂ ಪರಿಹಾರದ ಹಣವಿಲ್ಲ. ಆದರೆ ಇಸ್ತ್ರಿಯವರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಅಕ್ಕನನ್ನು ಕಂಪನಿಯವರು ಅದರಿಂದ ಇಳಿಸಿ ಸಂಬಳವನ್ನೂ ಕಡಿಮೆ ಮಾಡಿದ್ದಾರೆ. ಹಾಗಾಗಿ ಅವಳು ಬೇಡವೆನ್ನಬಹುದು. ಬೇಡವೆಂದರೆ ಹತ್ತೊಂಬತ್ತು ವರ್ಷದ ಪರಿಹಾರ ಸಿಗುತ್ತದೆ. ಆದರೆ ಕಂಪನಿಯ ಹಾಜರಿ ಪುಸ್ತಕದಲ್ಲಿ ಒಂದು ದಿನ ಸಹಿ ಹಾಕಿ ದುಡಿದರೂ ಒಪ್ಪಿಕೊಂಡಂತೆ.

ಆ ಹಣಕ್ಕೆ ಒಂದು ಮೆಷಿನ್ ಬರುತ್ತಿತ್ತು, ಅಂಗಡಿಯ ಬಾಡಿಗೆಯಲ್ಲಿ ಅರ್ಧ ಪಾಲೂ ಆಗುತ್ತಿತ್ತು. ತಂಗಿ ಫೋನಿನಲ್ಲಿ ಹೇಳಿದ್ದಳು: "ಕಿಟಕಿ ಪಕ್ಕದ ಜಾಗ ನಿಂದೇ ಅಕ್ಕ. ಬೇರೆ ಯಾರೂ ಬಂದು ಕೂರದ ಹಾಗೆ ಅಲ್ಲಿ ಬಕೆಟ್ ಇಟ್ಟಿದ್ದೀನಿ."

ಕಂಪನಿ ಲಾಂಡ್ರಿ ವಹಿಸಿಕೊಂಡ ಒಂದನೇ ತಾರೀಖು ಬೆಳಿಗ್ಗೆ ಅಕ್ಕ ಬಂದದ್ದು ಬೇಡವೆಂಬ ಪತ್ರ ಕೊಡಲಿಕ್ಕೆ. ಪತ್ರವಿದ್ದ ಚೀಲವನ್ನು ಇನ್ನೂ ಹೆಗಲಿಂದ ಇಳಿಸಿರಲಿಲ್ಲ, ಬೆಲ್ ಆಯಿತು. ಬಟ್ಟೆಯ ಬೀರುವಿನ ಬೀಗದಕೈ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವರಿಗಷ್ಟೇ ಎಂದು ಹೊಸ ಸೂಪರ್‌ವೈಸರ್ ಮೇಡಂ ಹೇಳಿದರು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಆಪರೇಷನ್ನಿನ ಹಸಿರು ಬಟ್ಟೆ ಮಡಿಸುವುದು ಹೊಸಬರಿಗೆ ಬರುತ್ತಿರಲಿಲ್ಲ. ಒಳಗೆ ಯಾರೋ ಮೇಜಿನ ಮೇಲೆ ಮಲಗಿದ್ದರು. ಅಕ್ಕ ಸಹಿ ಹಾಕಿದಳು. ಮೈಮರೆತು ಸಂಜೆಯವರೆಗೂ ಮಡಿಸಿದಳು. ಬಸ್ಸಿನಲ್ಲಿ ಚಿಲ್ಲರೆಗೆ ಕೈಹಾಕಿದಾಗ ಪತ್ರ ಕೈಗೆ ತಗುಲಿತು.

ಮರುದಿನ ಕಾರ್ಯದರ್ಶಿ ಬಂದರು. ಹಾಜರಿ ಪುಸ್ತಕ ನೋಡಿ ತಲೆ ಚಚ್ಚಿಕೊಂಡರು. ಆಮೇಲೆ ದನಿ ತಗ್ಗಿಸಿ ಒಂದು ದಾರಿ ತೋರಿಸಿದರು: ಸೂಪರ್‌ವೈಸರ್ ಹೆದರಿಸಿ ಸಹಿ ಹಾಕಿಸಿಕೊಂಡರು ಎಂದು ಬರೆದುಕೊಡಬೇಕು, ಆಗ ಆ ಸಹಿ ನಿಲ್ಲುವುದಿಲ್ಲ.

ಅಕ್ಕ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಉಗುರಿನಿಂದ ತೀಡಿದಳು. "ಆಯಮ್ಮ ಪೆನ್ನು ಸಹ ಕೊಡಲಿಲ್ಲ ಅಣ್ಣ. ಪೆನ್ನೂ ನಂದೇ."

"ಅವರ ಯೋಚನೆ ನಿಂಗ್ಯಾಕಮ್ಮ? ಕಿಟಕಿ, ತಂಗಿ ಅಂತ ವರ್ಷದಿಂದ ನನ್ನ ಪ್ರಾಣ ತಿಂದಿದ್ದೀಯ. ಈಗ ಅವಳಿಗೆ ಏನಂತ ಹೇಳ್ತೀಯ?"

"ಬಕೆಟ್ ಅಲ್ಲೇ ಇರಲಿ ಅಂತ..."

ಟ್ರಿಣ್, ಟ್ರಿಣ್.

"ನಾಳೆಯೊಳಗೆ ಬರೆದುಕೊಟ್ರೆ ಸಾಕು, ನಾನೇ ಹೋಗಿ..." ಎಂದು ಅವರು ಹೇಳುತ್ತಲೇ ಇದ್ದರು. ಅಕ್ಕ ಹಸಿರು ಗಂಟನ್ನು ಎದೆಗವಚಿಕೊಂಡು ಆಗಲೇ ಕಿಂಡಿಯತ್ತ ನಡೆದಿದ್ದಳು.