ಮುಟ್ಟಿ ನಿಲ್ಲಿಸಿದ ಮಗ್ಗ

ನನ್ನ ಮಾವನ ವಿಷಯ ಎತ್ತುವವರನ್ನು ನಾನು ಮೊದಲು ಕೇಳುವುದು, ನೀವು ಯಾವ ಊರಿನವರು ಅಂತ. ಹನೂರಿನವರಾದರೆ ಕೈ ಮುಗಿಯುತ್ತಾರೆ. ಗಡಿ ಕಡೆಯ ತಮಿಳು ಮನೆಗಳಿಗೆ ಬೆಂಕಿ ಹಚ್ಚಲು ಜನ ಹೊರಟಾಗ ಒಬ್ಬರೇ ದಾರಿಗೆ ಅಡ್ಡ ಕೂತು ಎಲ್ಲರನ್ನೂ ವಾಪಸು ಕಳಿಸಿದ ಮಹಾನುಭಾವರು ನಿಮ್ಮ ಮಾವ ಅನ್ನುತ್ತಾರೆ. ಯಳಂದೂರಿನವರಾದರೆ ಮೂಗು ಮುರಿಯುತ್ತಾರೆ. ಕನ್ನಡಕ್ಕಾಗಿ ಮಚ್ಚು ಹಿಡಿದಿದ್ದ ಮನುಷ್ಯ ಕುರ್ಚಿ ಸಿಕ್ಕ ಮೇಲೆ ಮೆತ್ತಗಾದ ಎನ್ನುತ್ತಾರೆ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯವರು ಮಾತ್ರ ಏನೂ ಹೇಳುವುದಿಲ್ಲ. ನನ್ನ ಅಪ್ಪನ ಬಲಗೈ ಕಡೆ ನೋಡಿ ಸುಮ್ಮನಾಗುತ್ತಾರೆ.

ಮಾವ ಎಂದರೆ ಅಮ್ಮನ ಅಣ್ಣ. ಆಮೇಲೆ ನನ್ನ ಗಂಡನ ಅಪ್ಪನೂ ಆದರು. ಐವತ್ತಾರರಲ್ಲಿ ನಮ್ಮ ತಾಲ್ಲೂಕು ಇನ್ನೂ ಮದರಾಸಿನ ಕೆಳಗಿದ್ದಾಗ, ಮೈಸೂರಿಗೆ ಸೇರಿಸಿ ಎಂದು ಗಲಾಟೆ ಮಾಡುತ್ತಿದ್ದ ಗುಂಪಿಗೆ ಅವರೇ ಮುಂದಾಳು. ಬೀದಿಯ ಮಗ್ಗಗಳೆಲ್ಲ ನಿಲ್ಲಬೇಕು ಎಂದು ಒಂದು ದಿನ ಅವರ ಅಪ್ಪಣೆಯಾಯಿತು. ಅಪ್ಪ ನಿಲ್ಲಿಸಲಿಲ್ಲ. ಅವನಿಗೆ ಮದರಾಸಿನ ಮೇಲೆ ಮೋಹವೇನೂ ಇರಲಿಲ್ಲ. ಮಗ್ಗದ ಮೇಲಿದ್ದದ್ದು ಯಾರದೋ ಧಾರೆ ಸೀರೆ, ಮುಹೂರ್ತ ಹತ್ತಿರ ಬಂದಿತ್ತು, ಅಷ್ಟೆ. ಗುಂಪು ಮನೆಗೆ ನುಗ್ಗಿತು. ಮಾವ ತಾವೇ ಮಚ್ಚು ಎತ್ತಿ ಹಾಸಿನ ಎಳೆಗಳನ್ನು ಅಡ್ಡಡ್ಡ ಕೊಯ್ದರು. ಅಪ್ಪ ಕೈ ಅಡ್ಡ ಹಿಡಿದ. ನಾನು ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ರೇಷ್ಮೆ ಸುತ್ತುತ್ತಾ ಅಲ್ಲೇ ಕೂತಿದ್ದೆ.

ಅಪ್ಪನ ಬಲಗೈಯ ಎರಡು ಬೆರಳು ಆವತ್ತಿನಿಂದ ಮಡಚಲು ಬರಲಿಲ್ಲ. ಲಾಳಿಯ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ನೇಯುವುದನ್ನು ಕಲಿತ. ಅವನ ಮಗ್ಗದ ಸದ್ದು ಸ್ವಲ್ಪ ಕುಂಟುತ್ತಿತ್ತು. ಕಣ್ಣು ಮುಚ್ಚಿ ನಡೆದರೂ ಅದು ನಮ್ಮ ಮನೆ ಎಂದು ಗೊತ್ತಾಗುತ್ತಿತ್ತು.

ಮಾವ ಮಚ್ಚು ಬಿಟ್ಟದ್ದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ರಕ್ತ ನೋಡಿ ಎಂದು ಅವರ ಕಡೆಯವರು ಹೇಳುತ್ತಾರೆ. ಹಾಗಿದ್ದರೆ ತಮ್ಮ ಎದುರಿಗೇ ಇದ್ದ ನಮ್ಮ ಮನೆಗೆ ಬಂದು ಒಂದು ಮಾತು ಹೇಳಬಹುದಿತ್ತಲ್ಲ? ಸಭೆಗಳಲ್ಲಿ ಕಣ್ಣೊರೆಸಿಕೊಂಡು ಶಾಂತಿಯ ಮಾತಾಡಿದರು, ತಾಲ್ಲೂಕು ಬೋರ್ಡಿಗೆ ಗೆದ್ದರು, ಬೀದಿ ಮಾತ್ರ ದಾಟಲಿಲ್ಲ. ಅಮ್ಮ ಅಣ್ಣನನ್ನೂ ಬಿಟ್ಟುಕೊಡಲಾರಳು, ಗಂಡನನ್ನೂ ಬಿಟ್ಟುಕೊಡಲಾರಳು. ಕಡಿದ ಎಳೆಗೆ ಗಂಟು ಹಾಕುವ ಹಾಗೆ ನನ್ನನ್ನು ಅಣ್ಣನ ಮಗನಿಗೆ ಕೊಡಿಸಿದಳು. ಗಂಟಿಗೆ ಏನನ್ನಿಸುತ್ತದೆ ಎಂದು ಯಾರು ಕೇಳುತ್ತಾರೆ? ಧಾರೆ ಎರೆದು ಹೋದ ಅಪ್ಪ ಮತ್ತೆ ನನ್ನ ಗಂಡನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಗಂಡನ ಮನೆಯಲ್ಲಿ ಅಪ್ಪನ ಮಾತೆತ್ತುವಂತಿಲ್ಲ, ತವರಿನಲ್ಲಿ ಮಾವನ ಮಾತೆತ್ತುವಂತಿಲ್ಲ. ಎರಡೂ ಕಡೆ ಬಾಯಿಗೆ ಬೀಗ ಹಾಕಿಕೊಂಡು ಬದುಕಿದೆ. ಮಾವ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಅದೇ ದೊಡ್ಡ ಕಷ್ಟ. ಬಾಣಂತಿಯಾಗಿದ್ದಾಗ ನನಗೆ ಜ್ವರ ಏರಿತೆಂದು ಹನೂರಿನ ಸಭೆ ಬಿಟ್ಟು ಓಡಿ ಬಂದಿದ್ದರು. ನೆಮ್ಮದಿಯಾಗಿ ದ್ವೇಷಿಸಲೂ ಬಿಡಲಿಲ್ಲ ಆ ಮನುಷ್ಯ.

ಎಪ್ಪತ್ತರ ದಶಕದಲ್ಲಿ ಮಾವ ತೀರಿಕೊಂಡರು. ಅಮ್ಮ ಅಷ್ಟರಲ್ಲಿ ಹೋಗಿಯಾಗಿತ್ತು. ನಮ್ಮ ಬೀದಿಯಲ್ಲಿ ಯಾರೇ ಸತ್ತರೂ ಹೆಣ ಬೀದಿ ದಾಟುವವರೆಗೆ ಎಲ್ಲ ಮಗ್ಗಗಳೂ ನಿಲ್ಲಬೇಕು. ಅದು ಸತ್ತವರಿಗೆ ಕೊಡುವ ಮರ್ಯಾದೆ. ಬೆಳಿಗ್ಗೆಯೇ ಎಲ್ಲವೂ ನಿಂತವು, ಒಂದನ್ನು ಬಿಟ್ಟು. ಆ ಕುಂಟುವ ಸದ್ದು ಎದುರಿನಿಂದ ಕೇಳುತ್ತಲೇ ಇತ್ತು. ಮೈಸೂರಿನಿಂದ ಜೀಪಿನಲ್ಲಿ ಬಂದ ದೊಡ್ಡವರು ಜಗಲಿಯ ಮೇಲೆ ಕೂತಿದ್ದರು. ಗಂಡ ನನ್ನನ್ನು ಅಡುಗೆಮನೆಗೆ ಕರೆದ.

“ಓಗಿ ನಿಮ್ಮಪ್ಪಂಗೆ ಯೇಳು. ಯೆಣ ಓಗೋಗಂಟ ನಿಲ್ಸಿದ್ರೆ ಸಾಕು.”

“ನಾನೆಂಗೆ ಯೇಳ್ಲಿ? ಆ ಕೈಗೆ ನಿಲ್ಸು ಅಂತ ಯೇಳಕೆ ನಾನ್ಯಾರು?”

“ಮಗಳು ಕಣಮ್ಮಿ. ನೀನೇ ಯೇಳ್ದೆ ಇದ್ರೆ ನಾನು ಬೀದೀಲಿ ತಲೆ ಎತ್ಕಂಡು ತಿರುಗಂಗಿಲ್ಲ.”

ಹೋದೆ. ಅಪ್ಪ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನಾನು ಬಾಗಿಲಲ್ಲೇ ನಿಂತೆ. ಸಾವಿನ ಮನೆಯಿಂದ ಬಂದ ನನ್ನಂಥ ಸೂತಕದವರು ಮಗ್ಗ ಮುಟ್ಟಿದರೆ ಮೈಲಿಗೆ, ಶುದ್ಧಿ ಮಾಡುವ ತನಕ ಅದರಲ್ಲಿ ನೇಯುವಂತಿಲ್ಲ. ಅಳು ಬಂತು. ಯಾರಿಗಾಗಿ ಅಳುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ.

ಅಪ್ಪ ತಲೆ ಎತ್ತದೆ ಹೇಳಿದ: “ಅವ್ನಿಗೋಸ್ಕರ ನಾನು ನಿಲ್ಸಕಿಲ್ಲ ಕಣವ್ವ.”

“ಗೊತ್ತು ಕಣಪ್ಪ.”

“ನಿಲ್ಸ್ದೆ ಇದ್ರೆ ಆ ಮನೇಲಿ ನಿನ್ನ ಬಾಳಕೆ ಬುಡಕಿಲ್ಲ.”

ಲಾಳಿ ಇನ್ನೂ ಸ್ವಲ್ಪ ಹೊತ್ತು ಆಡಿತು.

“ಬಾ ಇಲ್ಲಿ. ಮಗ್ಗ ಮುಟ್ಟು.”

ಮುಟ್ಟಿದೆ. ಅಪ್ಪ ಮಣಿಕಟ್ಟಿನ ಹಗ್ಗ ಬಿಚ್ಚಿ ಗುಂಡಿಯಿಂದ ಎದ್ದ. “ಈಗ ಮೈಲಿಗೆಗೆ ನಿಂತದೆ. ಅವ್ನಿಗಲ್ಲ. ನೆಪ್ಪಿರ್ಲಿ” ಎಂದ.

ಹೆಣ ಬೀದಿ ದಾಟಿತು. ಮಣ್ಣು ಮಾಡಿದ ಜಾಗದಲ್ಲಿ ಮೈಸೂರಿನವರು ಭಾಷಣ ಮಾಡಿದರಂತೆ. ಗಾಯಗೊಂಡ ನೇಕಾರನೇ ಮಗ್ಗ ನಿಲ್ಲಿಸಿ ಕ್ಷಮಿಸಿದ, ಇದಕ್ಕಿಂತ ದೊಡ್ಡ ಶಾಂತಿ ಯಾವುದು ಅಂದರಂತೆ. ಅದನ್ನು ಹೇಳುವಾಗ ಗಂಡನ ಕಣ್ಣಲ್ಲಿ ನೀರಿತ್ತು. ನಿಜ ಹೇಳಿದರೆ ಇಡೀ ಬೀದಿ ಅಪ್ಪನ ಮೇಲೆ ತಿರುಗಿ ಬೀಳುತ್ತಿತ್ತು. ಹೇಳದಿದ್ದರೆ ಅಪ್ಪ ಕೊಡದ ಕ್ಷಮೆ ಅವನ ಲೆಕ್ಕಕ್ಕೆ ಸೇರುತ್ತಿತ್ತು. ಹೇಳಲಿಲ್ಲ.

ಮರುವರ್ಷ ಮಾವನ ತಿಥಿಗೆ ಬೀದಿಯಲ್ಲೇ ಶಾಮಿಯಾನ ಹಾಕಿದರು. ಸೊಸೆ ಎಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹನೂರಿನವರು ಬಂದಿದ್ದರು, ಮೂಗು ಮುರಿಯುವ ಯಳಂದೂರಿನವರೂ ಊಟಕ್ಕೆ ಬಂದಿದ್ದರು. ಭಾಷಣದವರು ಮಗ್ಗ ನಿಲ್ಲಿಸಿದ ಕಥೆಗೆ ಬಂದಾಗ ಜನ ಚಪ್ಪಾಳೆ ತಟ್ಟಿದರು. ಎದುರು ಮನೆಯಲ್ಲಿ ಅಪ್ಪ ಬೆಳಗಿನಿಂದ ಬಿಡದೆ ನೇಯುತ್ತಿದ್ದ. ಮೈಕಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸುತ್ತಿತ್ತು.

ಗಂಡ ಪಕ್ಕದಿಂದ ಮೆಲ್ಲಗೆ, “ತಟ್ಟಮ್ಮಿ, ಎಲ್ರೂ ನಿನ್ನೇ ನೋಡ್ತಾವ್ರೆ” ಅಂದ.

ತಟ್ಟಿದೆ.