ಒಳಗೆಳೆದ ಹೌದು

ಉತ್ತರ ಸ್ವೀಡನ್ನಿನ ನಮ್ಮೂರಿನಲ್ಲಿ ಸಿಗ್ನೆ ಎಂಬವಳೊಬ್ಬಳಿದ್ದಾಳೆ. ಆಸ್ಪತ್ರೆಯ ಡಾಕ್ಟರುಗಳು ಮಾತಾಡಿ ಕೊಟ್ಟದ್ದನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುತ್ತಲೇ ಮುದುಕಿಯಾದವಳು. ಯಾರದಾದರೂ ರೆಕಾರ್ಡಿಂಗು ಇಮೇಲಿಗೆ ಹಿಡಿಸದಷ್ಟು ದೊಡ್ಡದಾದರೆ ಕುಗ್ಗಿಸಿಕೊಡುವವಳೂ ಅವಳೇ.

ಒಂದು ಬೆಳಗ್ಗೆ ಅವಳ ತಂಗಿಯ ಮಗಳು ಹಿಲ್ಲೆವಿ ಬಾಗಿಲಿಗೆ ಬಂದು ಒರಗಿದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಗಂಡ ರೋಲ್ಫ್ ಒಲೆಯ ಸೌದೆಯಿಂದ ಬಡಿದಿದ್ದ. ಪೊಲೀಸರು ಹಿಡಿದೊಯ್ದರೆ, "ಮೆಟ್ಟಿಲ ಮೇಲೆ ಬಿದ್ದಳು" ಅಂದುಬಿಟ್ಟಿದ್ದ.

"ಮಧ್ಯಾಹ್ನ ಕೋರ್ಟು, ದೊಡ್ಡಮ್ಮ. ಸಾಕ್ಷಿ ಇಲ್ಲ ಅಂದ್ರೆ ಬಿಟ್ಬಿಡ್ತಾರೆ. ಬಂದವ್ನು ನನ್ನ ಕೊಂದೇ ಹಾಕ್ತಾನೆ. ಬ್ರೆಡ್ ಡಬ್ಬೀಲಿ ಫೋನ್ ಇಟ್ಟಿದ್ದೆ, ಎಲ್ಲಾ ಅದ್ರಲ್ಲಿದೆ. ಲಾಯರಿಗೆ ಕಳಿಸಿದ್ರೆ ದೊಡ್ಡದು ಅಂತ ವಾಪಸ್ ಬರ್ತಿದೆ."

ಸಿಗ್ನೆ ರೆಕಾರ್ಡಿಂಗು ಹಚ್ಚಿ ಕೇಳಿದಳು. ಕುರ್ಚಿ ಉರುಳಿತು. ತಟ್ಟೆ ಚೂರಾಯಿತು. ಸೌದೆ ಮಾಂಸದ ಮೇಲೆ ಬಿದ್ದ ಸದ್ದು, ಮತ್ತೆ ಅದೇ ಸದ್ದು. ನಡುವೆ ಹಿಲ್ಲೆವಿಯ ದನಿ: "ನನ್ನ ಹಲ್ಲು ಮುರಿದಿದ್ದು ನೀನೇ ತಾನೆ?" ಆಮೇಲೆ ಒದೆತ.

ಸಿಗ್ನೆ ಡಾಕ್ಟರುಗಳ ಮಾತಿಗೆ ಮಾಡುತ್ತಿದ್ದಂತೆ ಮೌನವನ್ನೆಲ್ಲ ಕತ್ತರಿಸಿ ಕುಗ್ಗಿಸಿ ಕಳಿಸಿದಳು.

ದಕ್ಷಿಣ ಸ್ವೀಡನ್ನಿನಿಂದ ಬಂದಿದ್ದ ಲಾಯರಮ್ಮನ ಫೋನು ಬಂತು. "ಬಡಿತ ಕೇಳುತ್ತೆ, ಬಡಿದೋರು ಯಾರು ಅಂತ ಗೊತ್ತಾಗಲ್ಲ. ನೀನೇ ತಾನೆ ಅಂದ್ರೆ ಅವನು ಉತ್ತರಾನೇ ಕೊಟ್ಟಿಲ್ಲ."

"ಕೊಟ್ಟಿದ್ದಾನೆ!" ಹಿಲ್ಲೆವಿ ಚೀರಿದಳು.

ಸಿಗ್ನೆ ಹಣೆ ಚಚ್ಚಿಕೊಂಡಳು. ನಮ್ಮ ಕಡೆ ಹೌದು ಅನ್ನಲು ಯಾರು ಬಾಯಿ ತೆರೆಯುತ್ತಾರೆ? ತುಟಿ ಚೂಪು ಮಾಡಿ ಉಸಿರು ಒಳಗೆಳೆದರೆ ಮುಗಿಯಿತು, ಶುಪ್. ಆ ಉಸಿರನ್ನೂ ಯಂತ್ರ ಮೌನವೆಂದೇ ಕತ್ತರಿಸಿತ್ತು.

"ನನ್ನ ಕತ್ತೆಬುದ್ಧಿ!" ಎಂದು ಮತ್ತೆ ಕೂತಳು. ಈ ಸಲ ಮೌನ ಮುಟ್ಟಲಿಲ್ಲ. ಹೊಡೆತದ ಭಾಗವನ್ನಷ್ಟೇ ಉಳಿಸಿ ಮೊದಲಿಂದ ಕುಗ್ಗಿಸಿದಳು. ಉಸಿರು ಉಳಿದಿದೆಯೇ ಎಂದು ನೋಡಲು ಆ ಏಟುಗಳನ್ನೆಲ್ಲ ಇನ್ನೊಮ್ಮೆ ಕೇಳಬೇಕಾಯಿತು. ಹಿಲ್ಲೆವಿ ಕಿವಿ ಮುಚ್ಚಿಕೊಂಡು ಮೂಲೆ ಸೇರಿದಳು. ಉಸಿರು ಉಳಿದಿತ್ತು. ಇಮೇಲು ಹೋಯಿತು.

ಕೋರ್ಟಿನಲ್ಲಿ ಅದನ್ನು ಹಚ್ಚಿದಾಗ ರೋಲ್ಫ್ ನಕ್ಕ. "ಅದು ಕಿಟಕಿ ಗಾಳಿ ಮೇಡಂ. ನಾನು ಬಾಯೇ ಬಿಟ್ಟಿಲ್ಲ."

ನ್ಯಾಯಾಧೀಶೆ ನಮ್ಮ ಸೀಮೆಯವಳೇ. ತಲೆ ಎತ್ತದೆ ಕೇಳಿದಳು: "ಆ ಅಡುಗೆಮನೆ ನಿಮ್ಮದೇ ತಾನೆ?"

"ಶುಪ್."

ಅದೇ ಸದ್ದು ಬಾಯಿಂದ ಜಾರಿದ ಮೇಲೆ ರೋಲ್ಫನ ಮುಖ ಸುಣ್ಣವಾಯಿತು. ಮುಷ್ಟಿಯಿಂದ ಮೇಜು ಗುದ್ದಿ ಹಿಲ್ಲೆವಿಯ ಕಡೆಗೆ ನುಗ್ಗಿದ. ಪೊಲೀಸರು ನೆಲಕ್ಕೆ ಕೆಡವಿ ತೋಳು ತಿರುಚಿ ಎಳೆದೊಯ್ದರು. ಕೋರ್ಟು ಅವನನ್ನು ಬಿಡಲಿಲ್ಲ.

ಆ ಸಂಜೆ ಸಿಗ್ನೆಯ ಅಡುಗೆಮನೆಯಲ್ಲಿ ಹಿಲ್ಲೆವಿ ಗಂಜಿ ಕುಡಿಯುತ್ತಿದ್ದಳು.

"ತುಂಬಾ ನೋಯ್ತಿದ್ಯಾ ಮಗಳೇ?"

ಮುರಿದ ಹಲ್ಲುಗಳ ಸಂದಿಯಿಂದ ಹಿಲ್ಲೆವಿ ಉಸಿರು ಒಳಗೆಳೆದಳು.